ಹುಟ್ಟಾಳು, ಮಣ್ಣಾಳು: ಗುಲಾಮಗಿರಿ ನೋಡೋಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ

ಗೆಳೆಯರೇ, ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋರು ಬೈಯಿರಿ.

ನಮ್ಮ ಶಿವಮೊಗ್ಗದ ಕಡೆಯವರೊಬ್ಬರು ಅಮೆರಿಕದ ಲೂಸಿಯಾನಾದಲ್ಲಿರುವ ವಿಟ್ನಿ ಪ್ಲಾಂಟೇಶನ್ ನೋಡಿಕೊಂಡು ಬಂದು ಇಲ್ಲಿ ಫೋಟೋ ಹಾಕಿದ್ದರು. ಒಂದು ಕಾಲಕ್ಕೆ ಅದು ಕಬ್ಬಿನ ತೋಟ. 2014ರಿಂದ ಮ್ಯೂಸಿಯಂ. ಒಡೆಯನ ಬಂಗಲೆಯ ವೈಭವ ತೋರಿಸೋ ಮ್ಯೂಸಿಯಂ ಅಲ್ಲ, ಅಲ್ಲಿ ಗುಲಾಮರಾಗಿ ದುಡಿದು ಸತ್ತವರ ಬದುಕು ತೋರಿಸೋ ಮ್ಯೂಸಿಯಂ. ಕಲ್ಲಿನ ಗೋಡೆಗಳ ಮೇಲೆ ಅವರ ಹೆಸರು ಕೆತ್ತಿದ್ದಾರೆ. ಸತ್ತ ಮಕ್ಕಳ ಹೆಸರು ಬೇರೆಯಾಗಿ ಕೆತ್ತಿದ್ದಾರೆ. ಒಳ್ಳೆಯ ಕೆಲಸ. ಫೋಟೋ ಹಾಕಿದ್ದೂ ಒಳ್ಳೆಯದೇ.

ನನಗೆ ಹೊಟ್ಟೆ ಉರಿದಿದ್ದು ಕೆಳಗಿನ ಕಾಮೆಂಟು ನೋಡಿ. "ಅಬ್ಬಾ, ಎಂಥಾ ಕ್ರೂರಿಗಳು." "ಕಣ್ಣಲ್ಲಿ ನೀರು ಬಂತು." ಅಷ್ಟಕ್ಕೆ ನಿಂತಿದ್ದರೆ ಸರಿ ಇತ್ತು. ಆಮೇಲೆ ಶುರುವಾಯ್ತು: "ಪುಣ್ಯಕ್ಕೆ ನಮ್ಮ ದೇಶದಲ್ಲಿ ಇಂಥದ್ದು ಇರಲಿಲ್ಲ." "ನಮ್ಮ ಮಲೆನಾಡಲ್ಲಿ ಆಳುಗಳನ್ನ ಮನೆ ಮಕ್ಕಳ ಥರ ನೋಡ್ಕೊಳ್ತಿದ್ರು." ಇದಕ್ಕೆ ನೂರಾರು ಲೈಕು. ಲೈಕು ಒತ್ತಿದವರಲ್ಲಿ ಪ್ರಗತಿಪರರು ಅಂತ ಹೇಳ್ಕೊಳ್ಳೋರೂ ಇದ್ದರು.

ಅಮೆರಿಕದ ಕಪ್ಪುಜನರ ನೋವು ನಮಗೆ ಹೊರಗಿನದಲ್ಲ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದೇ ಗುಲಾಮರ ಬಿಡುಗಡೆಗೆ ನಿಂತ ಅಮೆರಿಕದ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಕಪ್ಪುಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಅವರಿಬ್ಬರೂ ಅಮೆರಿಕ ನೋಡಿದ್ದು ತಮ್ಮ ಮನೆ ಅಂಗಳ ಮರೆಯೋಕಲ್ಲ. ನಮ್ಮವರು ಮಾತ್ರ ಅಲ್ಲಿಯ ಸಂಕೋಲೆಗೆ ಅಳುತ್ತಾ ಇಲ್ಲಿಯ ಸಂಕೋಲೆಗೆ 'ವಾತ್ಸಲ್ಯ' ಅಂತ ಹೆಸರಿಡ್ತಾರೆ.

ಇರಲಿಲ್ಲ ಅನ್ನೋರು ಮೊದಲು ಎರಡು ಕನ್ನಡ ಪದ ಕೇಳಿಸಿಕೊಳ್ಳಿ. ಹುಟ್ಟಾಳು. ಮಣ್ಣಾಳು.

ಹುಟ್ಟಾಳು ಅಂದರೆ ಒಡೆಯನ ಮನೆ ಆಳಿನ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ಅದೇ ಮನೆಯ ಆಳಾಗಿ ಸಾಯಬೇಕಾದವನು. ಮಣ್ಣಾಳು ಅಂದರೆ ಮಣ್ಣಿಗೆ ಅಂಟಿದ ಆಳು, ಜಮೀನು ಮಾರಿದರೆ ಜಮೀನಿನ ಜೊತೆಗೇ ಕೈ ಬದಲಾಗೋನು. ಇದು ನಾನು ಇವತ್ತು ಕೂತು ಹೊಸೆದ ಪದ ಅಲ್ಲ. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್, ಮಲೆನಾಡಿನ, ಅಂದರೆ ಆಗಿನ ನಗರ ಡಿವಿಜನ್ನಿನ ಹೊಲೆಯರ ಬಗ್ಗೆ ಬರೆಯುವಾಗ ಅವರನ್ನು ಗುಲಾಮರು ಅಂತಲೇ ಕರೆದು, ಈ ಎರಡು ಬಗೆ ವಿವರಿಸಿದ್ದಾನೆ. ನಗರ ಡಿವಿಜನ್ ಅಂದರೆ ಯಾವುದೋ ದೂರದ ಸೀಮೆ ಅಲ್ಲ. ಇದೇ ಶಿವಮೊಗ್ಗ. ಇದೇ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ. ಗುಲಾಮಗಿರಿ ಇಲ್ಲದ ನಾಡಿನಲ್ಲಿ ಗುಲಾಮರಿಗೆ ಎರಡು ಬೇರೆ ಬೇರೆ ಹೆಸರು ಯಾಕೆ ಬೇಕಿತ್ತು, ಯಾರಾದರೂ ಹೇಳಿ.

"ಅಲ್ಲಿ ಮಾರುತ್ತಿದ್ದರು, ಇಲ್ಲಿ ಮಾರುತ್ತಿರಲಿಲ್ಲ" ಅಂತಾರೆ. ಕಂಪನಿ ಸರ್ಕಾರದ 1843ರ 5ನೇ ಕಾಯ್ದೆ ತೆಗೆದು ನೋಡಿ. ಅದರ ಮೊದಲನೇ ಕಲಮು ಏನು ಹೇಳುತ್ತೆ ಗೊತ್ತಾ? ಕಂದಾಯ ಬಾಕಿಗಾಗಲಿ, ಕೋರ್ಟಿನ ಡಿಕ್ರಿಗಾಗಲಿ, ಗುಲಾಮ ಅನ್ನೋ ಕಾರಣಕ್ಕೆ ಯಾವ ಸರ್ಕಾರಿ ಅಧಿಕಾರಿಯೂ ಮನುಷ್ಯರನ್ನ ಮಾರುವಂತಿಲ್ಲ ಅನ್ನುತ್ತೆ. ಕಾನೂನು ಸುಮ್ಮನೆ ಬರಲ್ಲ ಸ್ವಾಮಿ. ಊರಲ್ಲಿ ನಡೆಯದ ವ್ಯಾಪಾರಕ್ಕೆ ಯಾರೂ ನಿಷೇಧ ಹಾಕಲ್ಲ. ಘಟ್ಟದ ಕೆಳಗಿನ ಕೆನರಾ ಜಿಲ್ಲೆ ಆಗ ಕಂಪನಿ ಆಳ್ವಿಕೆಯಲ್ಲೇ ಇತ್ತು. ಅಲ್ಲಿ ಮೂಲದ ಹೊಲೆಯ ಅಂತ ಹುಟ್ಟಿನಿಂದ ಬಂದ ಆಳುಗಳಿಗೆ ಹೆಸರೇ ಇತ್ತು. ಘಟ್ಟದ ಮೇಲೆ ಹುಟ್ಟಾಳು, ಘಟ್ಟದ ಕೆಳಗೆ ಮೂಲದ ಆಳು. ಮಧ್ಯದಲ್ಲಿ ಬರೀ ಆಗುಂಬೆ.

ಈಗ 'ಮನೆ ಮಕ್ಕಳ ಥರ' ಅನ್ನೋ ಮಾತಿಗೆ ಬರೋಣ.

ಮನೆ ಮಕ್ಕಳು ಜಗುಲಿ ಹತ್ತುತ್ತಾರೆ. ಆಳಿನ ಮಕ್ಕಳು ಹತ್ತುತ್ತಿದ್ದರಾ? ಮನೆ ಮಕ್ಕಳಿಗೆ ಕಂಚಿನ ಲೋಟ. ಆಳಿಗೆ ತೆಂಗಿನ ಚಿಪ್ಪು, ಅದನ್ನೂ ತೊಳೆದು ಹೊರಗಿನ ಸಂದಿಯಲ್ಲಿ ಸಿಕ್ಕಿಸಿ ಬರಬೇಕು. ಮನೆ ಮಕ್ಕಳಿಗೆ ಮುಂದೆ ಪಾಲು ಬರುತ್ತೆ. ಆಳಿನ ಮಕ್ಕಳಿಗೆ ಬಂದಿದ್ದು ಅಪ್ಪನ ಸಾಲ. ಬೆಳಿಗ್ಗೆ ಕೊಟ್ಟಿಗೆ ಸಗಣಿಯಿಂದ ಶುರು, ರಾತ್ರಿ ಗದ್ದೆಯ ಮಾಳದಲ್ಲಿ ಹಂದಿ ಕಾಯೋದು. ಮಳೆಗಾಲದ ಮೂರು ತಿಂಗಳು ಗೊರಬು, ಕಂಬಳಿ ಹೊದ್ದು ಕೆಸರಲ್ಲಿ ನಾಟಿ, ಕಾಲ ಬೆರಳ ಸಂದಿ ಕೊಳೆತು ಹೋಗೋ ತನಕ. ಬೇಸಿಗೆಯಲ್ಲಿ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತೋಟಕ್ಕೆ ಹಾಕೋದು. ಇಷ್ಟಕ್ಕೆ ಕೊಟ್ಟಿದ್ದು ಅಳೆದು ಸುರಿದ ಭತ್ತ, ವರ್ಷಕ್ಕೊಂದು ಕಂಬಳಿ, ಹಬ್ಬಕ್ಕೆ ಉಳಿದ ಕಡುಬು. ಏಳು ವರ್ಷದ ಹುಡುಗ ದನ ಕಾಯೋಕೆ ಹೋದರೆ ಅದಕ್ಕೆ ಸಂಬಳವೂ ಇಲ್ಲ, ಲೆಕ್ಕವೂ ಇಲ್ಲ. ಇದನ್ನ ನಾನು ಪುಸ್ತಕದಿಂದ ಓದಿ ಹೇಳ್ತಿಲ್ಲ. ನಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದಿದ್ದು.

ಹೆಣ್ಣುಮಕ್ಕಳ ಕತೆ ಬೇರೆಯೇ ಇದೆ. ಜೆಫರ್‌ಸನ್ ಅನ್ನೋ ಅಮೆರಿಕದ ಅಧ್ಯಕ್ಷ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರನ್ನ ಇಟ್ಟುಕೊಂಡಿದ್ದ. ಅವರಲ್ಲಿ ಒಬ್ಬಳು ಸ್ಯಾಲಿ ಹೆಮಿಂಗ್ಸ್. ಅವನ ಮಕ್ಕಳನ್ನ ಹೆತ್ತವಳು. ಅವನ ಎಸ್ಟೇಟಾದ ಮಾಂಟಿಚೆಲ್ಲೋದಲ್ಲಿ 2018ರಲ್ಲಿ ಅವಳ ಬದುಕಿನ ಬಗ್ಗೆಯೇ ಒಂದು ಕೋಣೆ ತೆರೆದರು. ಇನ್ನೂರು ವರ್ಷ ಮುಚ್ಚಿಟ್ಟಿದ್ದನ್ನ ಕೊನೆಗೂ ಒಪ್ಪಿಕೊಂಡರು. ನಮ್ಮಲ್ಲಿ? ಯಾವ ದೊಡ್ಡಮನೆಯ ಗೋಡೆ ಮೇಲೆ ಆ ಮಾತು ಬರೆದಿದೆ? ನಮ್ಮ ಅಜ್ಜಿಯಂದಿರಂತೂ ಅದನ್ನ ಹೇಳದೆಯೇ ಸತ್ತರು. ಕೇಳಿದರೆ "ಬ್ಯಾಡ ಬಿಡು ಮಗಾ" ಅಂತಿದ್ದರು. ಆ ಮೂರು ಪದದಲ್ಲಿ ಎಷ್ಟಿದೆ ಅಂತ ನಮಗೆ ಗೊತ್ತು.

ನಾನು ಹೇಳಿದ್ದು ನಂಬಲ್ಲ ಅನ್ನೋರು ಕುವೆಂಪು ಹೇಳಿದ್ದು ನಂಬಿ. 'ಮಲೆಗಳಲ್ಲಿ ಮದುಮಗಳು' ಬಂದಿದ್ದು 1967ರಲ್ಲಿ, ಕತೆ ನಡೆಯೋದು ವಿವೇಕಾನಂದರು ಶಿಕಾಗೋದಲ್ಲಿ ಭಾಷಣ ಮಾಡಿದ 1893ರ ಆಸುಪಾಸಿನಲ್ಲಿ, ತೀರ್ಥಹಳ್ಳಿ ಸೀಮೆಯಲ್ಲಿ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಆಳು. ತಿಮ್ಮಿ ಬೆಟ್ಟಳ್ಳಿ ಗೌಡರ ಕಡೆಯವಳು. ಗುತ್ತಿಗೆ ತಿಮ್ಮಿಯನ್ನ ಮದುವೆಯಾಗೋಕೆ ಆಸೆ. ಆದರೆ ಆಗೋ ಹಾಗಿಲ್ಲ. ಯಾಕೆ? ಅವಳು ಹೋದರೆ ಬೆಟ್ಟಳ್ಳಿಗೆ ಒಂದು ಆಳು ಕಮ್ಮಿ. ಅದಕ್ಕೇ ಅವನು ಅವಳನ್ನ ಹಾರಿಸಿಕೊಂಡು ಕಾಡಿಗೆ ಬೀಳ್ತಾನೆ. ನಮ್ಮ ಮೇಷ್ಟ್ರುಗಳು ಇದನ್ನ ಪ್ರೇಮಕತೆ ಅಂತ, ಪ್ರಕೃತಿ ವರ್ಣನೆ ಅಂತ ಪಾಠ ಮಾಡಿದರು. ಗುತ್ತಿಯ ನಾಯಿ ಬಗ್ಗೆ ಪ್ರಬಂಧ ಬರೆಸಿದರು. ಅಮೆರಿಕದಲ್ಲಿ ಹೀಗೆ ಓಡಿದವರನ್ನ ಓಡಿಹೋದ ಗುಲಾಮರು ಅಂತ ಕರೀತಾರೆ. ಗುತ್ತಿ, ತಿಮ್ಮಿಯನ್ನ ಹಾಗೆ ಕರೆಯೋಕೆ ನಮ್ಮ ವಿಮರ್ಶಕರ ನಾಲಿಗೆ ಯಾಕೆ ತೊದಲುತ್ತೆ? 1843ರ ಕಾನೂನು ಬಂದು ಐವತ್ತು ವರ್ಷ, ಗುಲಾಮರನ್ನ ಕೊಳ್ಳೋದು ಮಾರೋದು ಅಪರಾಧ ಅಂತ ದಂಡಸಂಹಿತೆ 1862ರಲ್ಲಿ ಜಾರಿಯಾಗಿ ಮೂವತ್ತು ವರ್ಷ ಆಗಿದ್ದ ಕಾಲದ ಚಿತ್ರ ಅದು.

ಇನ್ನು ನಮ್ಮ ಹೆಮ್ಮೆಯ ಚರಿತ್ರೆ. ಶಿವಮೊಗ್ಗದಲ್ಲಿ ಬೆಳೆದ ಯಾರಿಗೆ ಕೇಳಿದರೂ ಶಿವಪ್ಪನಾಯಕನ ಶಿಸ್ತು ಬಗ್ಗೆ ಹೇಳ್ತಾರೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ದೊರೆ. ಭೂಮಿಯನ್ನ ಐದು ತರ ಮಾಡಿ, ಪ್ರತಿ ತರದ ಗದ್ದೆಯನ್ನ ಹನ್ನೆರಡು ವರ್ಷ ಸರ್ಕಾರದ ಲೆಕ್ಕದಲ್ಲಿ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದಿದ್ದೆಷ್ಟು ಅಂತ ಬರೆಸಿ, ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ನಿಗದಿ ಮಾಡಿದ. ಅಡಿಕೆ ತೋಟಕ್ಕೆ ಮರದ ಲೆಕ್ಕ. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ನನ್ನ ಪ್ರಶ್ನೆ ಇಷ್ಟೇ. ಆ ಹನ್ನೆರಡು ವರ್ಷ ಆ ಗದ್ದೆಗಳಲ್ಲಿ ನೇಗಿಲು ಹಿಡಿದವರು ಯಾರು? ಬೀಜದ ಲೆಕ್ಕ ಇದೆ, ಭತ್ತದ ಲೆಕ್ಕ ಇದೆ, ಮರದ ಲೆಕ್ಕ ಇದೆ. ಮರ ನೆಟ್ಟವನ ಲೆಕ್ಕ ಎಲ್ಲಿದೆ? ತುಂಗಾ ದಂಡೆಯ ಅರಮನೆ, ನಗರದ ಕೋಟೆ, ಕವಲೇದುರ್ಗ, ಎಲ್ಲ ಕಡೆ ಕಲ್ಲು ಹೊತ್ತ ಹೆಗಲು ಯಾರದ್ದು? ಈಗ ಹೋಮ್‌ಸ್ಟೇ ಆಗಿರೋ ತೊಟ್ಟಿಮನೆಗಳಲ್ಲಿ ಕೆತ್ತನೆ ಕಂಬಕ್ಕೆ ಒರಗಿಕೊಂಡು ಸೆಲ್ಫಿ ತಗೋತೀರಲ್ಲ, ಆ ಕಂಬದ ಮರ ಕಾಡಿಂದ ಎಳೆದು ತಂದವರ ಬಿಡಾರ ಎಲ್ಲಿತ್ತು ಅಂತ ಒಮ್ಮೆಯಾದರೂ ಕೇಳಿದ್ದೀರಾ?

"ಭೂಸುಧಾರಣೆ ಆಯ್ತಲ್ಲ, ಅರಸು ಎಲ್ಲ ಕೊಟ್ಟರಲ್ಲ" ಅಂತಾರೆ. ಇದು ನಮ್ಮ ಚಳವಳಿಯ ಗೆಳೆಯರೇ ಹೇಳೋ ಮಾತು, ಅದಕ್ಕೆ ಸಮಾಧಾನವಾಗಿ ಉತ್ತರ ಕೊಡ್ತೀನಿ. 1951ರ ಕಾಗೋಡು ಸತ್ಯಾಗ್ರಹ ನಮ್ಮ ಜಿಲ್ಲೆಯ ಹೆಮ್ಮೆ. ಗಣಪತಿಯಪ್ಪನವರ ಮುಂದಾಳತ್ವ, ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದು, ಯಾವುದನ್ನೂ ಮರೆಯೋ ಹಾಗಿಲ್ಲ. ದೇವರಾಜ ಅರಸು ತಂದ 1974ರ ತಿದ್ದುಪಡಿ ಲಕ್ಷಾಂತರ ಜನರ ಹಣೆಬರಹ ಬದಲಿಸಿತು. ಆದರೆ ಆ ಕಾನೂನು ಕೇಳಿದ್ದು ಏನನ್ನ? ಗೇಣಿ ಚೀಟಿ. ಪಹಣಿಯಲ್ಲಿ ಗೇಣಿದಾರ ಅಂತ ಹೆಸರು. ಹುಟ್ಟಾಳಿಗೆ ಯಾವ ಗೇಣಿ? ಅವನು ಗೇಣಿ ಕೊಟ್ಟವನಲ್ಲ, ಮೈಯನ್ನೇ ಕೊಟ್ಟವನು. 'ಉಳುವವನೇ ಹೊಲದೊಡೆಯ' ಅಂತ ಊರೆಲ್ಲ ಕೂಗಿದ್ವಿ. ನಿಜವಾಗಿ ಉತ್ತವನು ಡಿಕ್ಲರೇಶನ್ ಫಾರಂ ಹಾಕೋ ಸಾಲಿನಲ್ಲಿ ನಿಲ್ಲೋಕೂ ಆಗಲಿಲ್ಲ. ಅವನಿಗೆ ಹೆಚ್ಚೆಂದರೆ ದಕ್ಕಿದ್ದು ಗುಡಿಸಲು ನಿಂತ ಜಾಗ. ಗೇಣಿದಾರ ಒಡೆಯನಾದ, ಆಳು ಹಳೇ ಒಡೆಯನಿಂದ ಹೊಸ ಒಡೆಯನ ಹತ್ತಿರ ಕೂಲಿಗೆ ಹೋದ. ಇದು ಹಿಂದುಳಿದ ಅಣ್ಣತಮ್ಮಂದಿರ ಮೇಲಿನ ಸಿಟ್ಟಲ್ಲ. ಹೋರಾಟದ ಬಾಕಿ ಲೆಕ್ಕ.

ಅಮೆರಿಕದಲ್ಲೂ ಇದೇ ಆಯ್ತು. 1865ರ ಜನವರಿಯಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆವರೆಗೆ ಜಮೀನು ಅಂತ ಜನರಲ್ ಶರ್ಮನ್ ಆದೇಶ ಹೊರಡಿಸಿದ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಅದನ್ನ ತಿರುಗಿಸಿ ಹಳೇ ಒಡೆಯರಿಗೇ ಜಮೀನು ವಾಪಸ್ ಕೊಟ್ಟ. ಸಂಕೋಲೆ ಕಳಚಿದರು, ಕಾಲಿಡೋಕೆ ನೆಲ ಕೊಡಲಿಲ್ಲ. ಅಲ್ಲಿ ಇವತ್ತಿಗೂ ಆ ನಲವತ್ತು ಎಕರೆ ಲೆಕ್ಕ ಕೇಳೋರಿದ್ದಾರೆ. ಇಲ್ಲಿ ಕೇಳಿದರೆ ಜಾತಿವಾದಿ ಅಂತಾರೆ.

ಹಾಗಾದರೆ ನಮ್ಮವರು ಜೀತದಿಂದ ಹೊರಗೆ ಬಂದಿದ್ದು ಹೇಗೆ? ಯಾರೋ ಕರುಣೆಯಿಂದ ಬಿಟ್ಟರು ಅಂತ ತಿಳ್ಕೋಬೇಡಿ. ಓಡಿ ಬಂದರು. ಓಡಿ ಬಂದಿದ್ದು ಎಲ್ಲಿಗೆ? ಭದ್ರಾವತಿಗೆ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಯ್ತು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಕಡಿಯೋರು ಬೇಕು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ನಮ್ಮಜ್ಜ ತೀರ್ಥಹಳ್ಳಿ ಕಡೆಯ ಒಂದು ದೊಡ್ಡಮನೆಯ ಆಳು. ಮದುವೆಗೆ ಅಂತ ಕೊಟ್ಟ ಅರವತ್ತು ರೂಪಾಯಿ ಸಾಲ ಇಪ್ಪತ್ತು ವರ್ಷ ದುಡಿದರೂ ತೀರಲಿಲ್ಲ. ಒಂದು ರಾತ್ರಿ ಹೆಂಡತಿ, ಎರಡು ಮಕ್ಕಳ ಜೊತೆ ಹೊರಟು ಬಂದು ಇಲ್ಲಿ ಇದ್ದಿಲು ಕೆಲಸಕ್ಕೆ ಸೇರಿಕೊಂಡ. ಕಂಟ್ರಾಕ್ಟರು ಒಳ್ಳೆಯವನಾಗಿರಲಿಲ್ಲ, ಕೆಲಸ ಸುಲಭದ್ದೂ ಅಲ್ಲ. ಆದರೆ ಶನಿವಾರ ಕೈಗೆ ದುಡ್ಡು ಬರುತ್ತಿತ್ತು, ಭಾನುವಾರ ಎಲ್ಲಿಗೆ ಹೋಗ್ತೀಯ ಅಂತ ಯಾರೂ ಕೇಳುತ್ತಿರಲಿಲ್ಲ. ಸ್ವಾತಂತ್ರ್ಯ ಅಂದರೆ ನಮ್ಮಜ್ಜನಿಗೆ ಅಷ್ಟೇ. ಅಷ್ಟೇ ಬೇಕಾಗಿತ್ತು. ನಮ್ಮ ಕೇರಿಯಲ್ಲಿ ಇಂಥ ಕತೆ ಮನೆಗೊಂದು ಸಿಗುತ್ತೆ.

ಅದೇ ಊರಲ್ಲಿ, ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ದಸಂಸ ಭದ್ರಾವತಿಯಲ್ಲಿ ಬೇರು ಬಿಟ್ಟಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸಲ್ಲ. ಒಡೆಯನ ಗಂಜಿಯ ಹಂಗು ಕಳೆದುಕೊಂಡ ಊರಲ್ಲೇ ತಲೆ ಎತ್ತಿ ಮಾತಾಡೋ ಧೈರ್ಯ ಬರೋದು. ಭೂಮಿ ಪ್ರಶ್ನೆ, ಜೀತದ ಪ್ರಶ್ನೆ, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧದ ಹೋರಾಟ, ಎಲ್ಲಕ್ಕೂ ಇಲ್ಲಿಂದ ಜನ ಹೋದರು.

ಈಗ ನೋಡಿ. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಕೂತರು. ಕಾರ್ಖಾನೆ ಗೇಟು ಹಾಕಿದರೆ ಮೊಮ್ಮಗ ಎಲ್ಲಿಗೆ ಹೋಗ್ತಾನೆ? ಅಜ್ಜ ಯಾವ ತೋಟದಿಂದ ಓಡಿ ಬಂದನೋ ಅದೇ ಥರದ ತೋಟಕ್ಕೆ. ಅಡಿಕೆ ಸುಲಿಯೋಕೆ, ಕೊನೆ ಹೊರೋಕೆ, ಶುಂಠಿ ಹೊಲಕ್ಕೆ, ಇಟ್ಟಿಗೆ ಭಟ್ಟಿಗೆ. ಈಗ ಅದಕ್ಕೆ ಜೀತ ಅನ್ನಲ್ಲ, 'ಅಡ್ವಾನ್ಸು' ಅಂತಾರೆ. ಕೈತುಂಬ ಕೊಟ್ಟು ಕೂಡಿಸ್ತಾರೆ, ಎದ್ದು ಹೋಗೋಕೆ ಬಿಡಲ್ಲ. ಊರು ಬಿಟ್ಟು ಬಂದ ಬೇರೆ ಜಿಲ್ಲೆ, ಬೇರೆ ರಾಜ್ಯದ ಬಡವರ ಪಾಡು ಇನ್ನೂ ಕಷ್ಟ, ಕೇಳೋರೇ ಇಲ್ಲ.

"ಈಗ ಆಳುಗಳೇ ಸಿಗಲ್ಲ, ಅವರೇ ಮಹಾರಾಜರು" ಅನ್ನೋ ತೋಟದ ಯಜಮಾನರೇ, ಎಲ್ಲ ತೋಟದಲ್ಲೂ ಜೀತ ಇದೆ ಅಂತ ನಾನು ತೀರ್ಪು ಕೊಡ್ತಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕೇಳೋ ನಾಲ್ಕು ಪ್ರಶ್ನೆ ನೀವೇ ಕೇಳಿಕೊಳ್ಳಿ. ಮುಂಗಡ ಪಡೆದವನು ಬೇರೆ ಕಡೆ ಕೆಲಸಕ್ಕೆ ಹೋಗಬಹುದಾ? ಇಷ್ಟ ಬಂದಲ್ಲಿಗೆ ಓಡಾಡಬಹುದಾ? ತನ್ನ ದುಡಿಮೆಗೆ ಮಾರುಕಟ್ಟೆ ಬೆಲೆ ಕೇಳಬಹುದಾ? ಕೂಲಿ ಸರಿಯಾಗಿ ಸಿಗ್ತಾ ಇದೆಯಾ? ಸಾಲದ ಹೆಸರಲ್ಲಿ ಇದರಲ್ಲಿ ಒಂದಕ್ಕೆ 'ಇಲ್ಲ' ಅಂದರೂ ಅದು ಜೀತವೇ. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ.

ಅದೇ 1976ರ ಕಾಯ್ದೆಯ ಎರಡನೇ ಕಲಮು ಓದಿ. ರೂಢಿಯಿಂದಲೇ ಜೀತ ಅಂತ ಭಾವಿಸಬೇಕಾದ ಪದ್ಧತಿಗಳ ಪಟ್ಟಿ ಇದೆ. ಅದರಲ್ಲಿ 'ಜೀತ' ಅನ್ನೋ ನಮ್ಮ ಕನ್ನಡ ಪದ ಇದೆ. ಅದಕ್ಕೂ ಮುಂಚೆ ಇನ್ನೊಂದು ಪದ ಇದೆ: 'ಹೊಲ್ಯ'. ನಮ್ಮ ಜಾತಿಯ ಹೆಸರನ್ನೇ ಹೋಲೋ ಪದ ದೇಶದ ಕಾನೂನಿನಲ್ಲಿ ಗುಲಾಮಗಿರಿಯ ಒಂದು ಬಗೆಯಾಗಿ ಅಚ್ಚಾಗಿದೆ. ಇನ್ನೂ ಸಾಕ್ಷಿ ಬೇಕಾ ನಿಮಗೆ?

"ಹಳೇದು ಯಾಕೆ ಕೆದಕ್ತೀರಿ, ಸಾಮರಸ್ಯ ಹಾಳಾಗುತ್ತೆ" ಅನ್ನೋರಿಗೆ ಒಂದೇ ಮಾತು. ನಿಮ್ಮ ಮುತ್ತಜ್ಜನ ಪಟೇಲಿಕೆ ನೆನಪಿದೆ, ಮನೆತನದ ಹೆಸರು ನೆನಪಿದೆ, ದೇವಸ್ಥಾನದಲ್ಲಿ ಮೊದಲ ತೀರ್ಥ ಯಾರಿಗೆ ಅನ್ನೋದು ನೆನಪಿದೆ. ನಮ್ಮ ಮುತ್ತಜ್ಜನ ಜೀತ ಮಾತ್ರ ಮರೆಯಬೇಕಾ? ಮರೆತರೆ ಬರೋದು ಸಾಮರಸ್ಯ ಅಲ್ಲ. ಹಳೇ ಲೆಕ್ಕದ ಪುಸ್ತಕ ಸುಟ್ಟು ಹಾಕೋದು.

ಅದಕ್ಕೇ ಬರೀ ಬೈದು ಸುಮ್ಮನಾಗಲ್ಲ. ನಮಗೆ ಬೇಕಾಗಿರೋದು ಇವು.

1. ಶಿವಮೊಗ್ಗದ ಅರಮನೆ ಆವರಣದಲ್ಲಿ, ನಗರ ಕೋಟೆಯಲ್ಲಿ, ಕವಲೇದುರ್ಗದಲ್ಲಿ ಹುಟ್ಟಾಳು, ಮಣ್ಣಾಳುಗಳ ಬಗ್ಗೆ ಕನ್ನಡದಲ್ಲಿ ಫಲಕ ಬೇಕು. ದಾನ ಮಾಡಿದ ದೊರೆಗಳ ಹೆಸರಿನ ಪಕ್ಕದಲ್ಲೇ ಬೇಕು, ಹಿಂದುಗಡೆ ಶೌಚಾಲಯದ ಹಾದಿಯಲ್ಲಲ್ಲ.

2. ಕೇರಿ ಕೇರಿಯಲ್ಲಿ ಉಳಿದಿರೋ ಹಿರಿಯರ ಮಾತು ರೆಕಾರ್ಡ್ ಆಗಬೇಕು. ಇದಕ್ಕೆ ಸರ್ಕಾರ ಕಾಯೋದು ಬೇಡ. ಕೈಯಲ್ಲಿ ಮೊಬೈಲ್ ಇದೆ. ಅಜ್ಜ ಅಜ್ಜಿ ಯಾವ ಊರಿಂದ ಬಂದರು, ಎಷ್ಟು ಸಾಲಕ್ಕೆ ಎಷ್ಟು ವರ್ಷ ದುಡಿದರು, ಅವರ ಅಪ್ಪ ಅಮ್ಮನ ಹೆಸರೇನು, ಕೇಳಿ ಬರೆದಿಡಿ. ಹೆಸರು ಉಳಿಸೋದೇ ಮೊದಲ ಕೆಲಸ. ಅಮೆರಿಕದವರಿಗೆ ಒಡೆಯರ ಆಸ್ತಿ ಪಟ್ಟಿಯಲ್ಲಾದರೂ ಹೆಸರು ಸಿಕ್ಕಿತು. ನಮಗೆ ಅದೂ ಇಲ್ಲ, ಹಿರಿಯರ ಬಾಯೊಂದೇ ದಾಖಲೆ. ಅವರೂ ಹೋಗ್ತಾ ಇದ್ದಾರೆ.

3. ಜೀತ ಕಾಯ್ದೆ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಅವು ಕಾಗದದ ಮೇಲಲ್ಲ, ತೋಟ, ಭಟ್ಟಿ, ಶುಂಠಿ ಹೊಲಗಳಿಗೆ ಹೋಗಿ ಸಮೀಕ್ಷೆ ಮಾಡಬೇಕು. ಸಿಕ್ಕವರಿಗೆ ಬಿಡುಗಡೆ ಪತ್ರ ಕೊಡಬೇಕು. ಸಾಲ ಅಲ್ಲ ಅಂತ ರುಜುವಾತು ಮಾಡೋ ಹೊಣೆ ಆಳಿನದ್ದಲ್ಲ, ಜೀತದ ಸಾಲ ಅಲ್ಲ ಅಂತ ತೋರಿಸೋ ಹೊಣೆ ಸಾಲ ಕೊಟ್ಟವನದ್ದು. 15ನೇ ಕಲಮು ಹಾಗೇ ಹೇಳುತ್ತೆ. 2016ರ ಪುನರ್ವಸತಿ ಯೋಜನೆಯಲ್ಲಿ ಪರಿಸ್ಥಿತಿ ನೋಡಿ ಒಂದು, ಎರಡು, ಮೂರು ಲಕ್ಷ ರೂಪಾಯಿ ಅಂತಿದೆ. ಆದರೆ ಪೂರ್ತಿ ಹಣವನ್ನ ಒಡೆಯನಿಗೆ ಶಿಕ್ಷೆ ಆಗೋದಕ್ಕೆ ಗಂಟು ಹಾಕಿದ್ದಾರೆ. ಕೇಸು ಬಿದ್ದರೆ ಬಡವನ ಹಣವೂ ಬಿತ್ತು. ಆ ಗಂಟು ಬಿಚ್ಚಬೇಕು.

4. ಗೇಣಿ ಚೀಟಿ ಇಲ್ಲದ ಕಾರಣಕ್ಕೆ 1974ರಲ್ಲಿ ಹೊರಗುಳಿದ ಜೀತದ ಕುಟುಂಬಗಳಿಗೆ ಭೂಮಿ. ಮನೆ ಸೈಟಲ್ಲ, ಉಳೋ ಭೂಮಿ. ಇದು ಭಿಕ್ಷೆ ಅಲ್ಲ, ತಲೆಮಾರುಗಳ ಕೂಲಿ ಬಾಕಿ.

ಈ ಪೋಸ್ಟಿಗೆ ಲೈಕು ಒತ್ತಿ ಮುಂದೆ ಹೋಗಬೇಡಿ. ನಿಮ್ಮ ಮನೆಯ ಹಿರಿಯರದ್ದು ಇಂಥ ಕತೆ ಇದ್ದರೆ ಊರು, ಹೆಸರು ಸಮೇತ ಬರೆಯಿರಿ. ನೀವು ಒಡೆಯರ ಮನೆತನದವರಾಗಿದ್ದರೆ ನಿಮ್ಮ ಅಟ್ಟದ ಮೇಲಿನ ಹಳೇ ಕಡತ ಬಿಚ್ಚಿ, ಆಳುಗಳ ಲೆಕ್ಕ ಬರೆದ ಪುಟ ಹುಡುಕಿ. ಅದನ್ನ ಹೊರಗೆ ತಂದರೆ ನಿಮ್ಮ ಬಗ್ಗೆ ನಮಗೆ ಗೌರವ ಹೆಚ್ಚಾಗುತ್ತೆ, ಕಮ್ಮಿಯಾಗಲ್ಲ. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕೋದಕ್ಕಿಂತ ಅದು ದೊಡ್ಡ ಕೆಲಸ.

ಜೈ ಭೀಮ್.